ಹೇನಿನ ಕಾಗದ

ನನ್ನ ತಂಗಿಯ ಮಗಳ ತಲೆಯಲ್ಲಿ ಹೇನು ಇರಲಿಲ್ಲ. ಇದೆ ಎಂದವಳು ನಾನು. ಹಾಗೆ ಹೇಳಿ ಎರಡು ವರ್ಷವಾಯಿತು. ಈಗಲೂ ಯಾರಾದರೂ ಸುಮ್ಮನೆ ತಲೆ ಕೆರೆದುಕೊಂಡರೆ ನಾನು ಬೇರೆ ಕಡೆ ಮುಖ ತಿರುಗಿಸುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನದೂ ಅದೇ ಕಥೆ.

ಹೋಟೆಲುಗಳ ಬಟ್ಟೆ ಒಗೆದು ಕೊಡುವ ಲಾಂಡ್ರಿಯಲ್ಲಿ ನಾನು ಮಡಿಸುವ ಮೇಜಿನ ಉಸ್ತುವಾರಿ. ಈ ದೇಶದಲ್ಲಿ ಇರಲು ಬೇಕಾದ ಕಾಗದಗಳು ನನಗಿವೆ. ಗಂಡನ ಕೆಲಸದಿಂದ ಸಿಕ್ಕವು. ಅವರು ತೀರಿಕೊಂಡರು, ಕಾಗದ ಉಳಿಯಿತು. ತಂಗಿ ಏಳು ವರ್ಷದ ಹಿಂದೆ, ವರ್ಷ ತುಂಬಿದ ಕೂಸನ್ನು ಸೊಂಟದಲ್ಲಿಟ್ಟುಕೊಂಡು ಮೂರು ತಿಂಗಳ ವೀಸಾದಲ್ಲಿ ಬಂದಳು. ಕೂಸಿನ ಅಪ್ಪ ಬೇರೆ ಸಂಸಾರ ಹೂಡಿದ್ದ. ಮೂರು ತಿಂಗಳು ಮುಗಿದರೂ ಅವಳಿಗೆ ಹಿಂತಿರುಗಿ ಹೋಗಲು ಮನೆಯಿರಲಿಲ್ಲ. ಅಂದಿನಿಂದ ನನ್ನ ಮೇಜಿನ ಎದುರು ತುದಿಯಲ್ಲಿ ನಿಂತು ನನ್ನ ಜೊತೆ ಹಾಸುಬಟ್ಟೆ ಮಡಿಸುತ್ತಾಳೆ.

ಮಗುವಿಗೆ ಐದಾದಾಗ ಶಾಲೆಗೆ ಸೇರಿಸಬೇಕಿತ್ತು. ನಾವು ಅವಳನ್ನು ಚೂಟಿ ಎಂದು ಕರೆಯುತ್ತೇವೆ, ಹೆಸರಿಗೆ ತಕ್ಕ ಹಾಗೆ ಇದ್ದಾಳೆ. ಶಾಲೆಯವರು ತಾಯಿಯ ಕಾಗದ ಕೇಳಿದರೆ ಏನು ಗತಿ ಎಂದು ಹೆದರಿ, ತಾಯಿ ಎಂಬ ಕಡೆ ನನ್ನ ಹೆಸರು ಬರೆಸಿದೆವು. ಅವರು ಕೇಳಲಿಲ್ಲ. ಕೇಳುತ್ತೀರಾ ಎಂದು ನಾವೂ ವಿಚಾರಿಸಲಿಲ್ಲ. ನಮ್ಮಂಥವರು ಮಾಡುವ ಬುದ್ಧಿವಂತಿಕೆಯೇ ಹೀಗೆ, ಯಾರೂ ಬೀಸದ ಬಲೆಗೆ ನಾವೇ ಹೋಗಿ ಬೀಳುತ್ತೇವೆ.

ಆಮೇಲೆ ಮನೆಯಲ್ಲಿ ಒಂದು ಕಟ್ಟಳೆಯಾಯಿತು. ಬಾಗಿಲ ಒಳಗೆ ತಂಗಿ ಅಮ್ಮ, ನಾನು ದೊಡ್ಡಮ್ಮ. ಚಪ್ಪಲಿ ಮೆಟ್ಟಿ ಹೊರಗೆ ಬಂದರೆ ನಾನು ಅಮ್ಮ, ಅವಳು ಚಿಕ್ಕಮ್ಮ. ಕಲಿಸಿದವಳು ತಂಗಿಯೇ. ಎಂಟು ದಿನ ತಡವರಿಸಿದ ಮಗು ಮತ್ತೆಂದೂ ತಪ್ಪಲಿಲ್ಲ. ಒಮ್ಮೆ ಬೀದಿಯಲ್ಲಿ ಎಡವಿ ಬಿದ್ದು ಮಂಡಿ ಒಡೆದುಕೊಂಡಾಗಲೂ, ತಂಗಿಯ ಕಡೆ ಕೈ ಚಾಚಿ, "ಚಿಕ್ಕಮ್ಮಾ" ಎಂದೇ ಅತ್ತಿತು.

ನನಗೆ ಮಕ್ಕಳಿಲ್ಲ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಶಾಲೆಯ ಸಭೆಗಳಿಗೆ ನಾನು ಒಳ್ಳೆಯ ಬಟ್ಟೆ ಉಟ್ಟು ಹೋಗುತ್ತಿದ್ದೆ. ತಂಗಿ ಗೇಟಿನಾಚೆ ಬಸ್ ನಿಲ್ದಾಣದಲ್ಲಿ, ಬಸ್ಸಿಗೆ ಕಾಯುವವಳಂತೆ ನಿಂತಿರುತ್ತಿದ್ದಳು. ನಿಮ್ಮ ಮಗಳು ಲೆಕ್ಕದಲ್ಲಿ ಬಹಳ ಚುರುಕು ಎಂದು ಟೀಚರ್ ಹೇಳಿದರೆ, ಅದು ನನ್ನ ಕಡೆಯಿಂದ ಬಂದದ್ದು ಎನ್ನುತ್ತಿದ್ದೆ. ದಿಂಬಿನ ಚೀಲ ಎಣಿಸಲು ಬೆರಳು ಮಡಿಸುವವಳು ನಾನು! ಹೊರಗೆ ಬಂದು ತಂಗಿಗೆ ಎಲ್ಲವನ್ನೂ ಹೇಳುತ್ತಿದ್ದೆ, ಆದರೆ ಸ್ವಲ್ಪ ನನಗೆಂದು ಇಟ್ಟುಕೊಂಡು ಹೇಳುತ್ತಿದ್ದೆ.

ಚೂಟಿಗೆ ಆರು ವರ್ಷವಾಗಿದ್ದಾಗ ಅವಳ ಚೀಲದಲ್ಲಿ ಶಾಲೆಯ ಕಾಗದ ಬಂತು. ತಂಗಿಗೆ ಇಲ್ಲಿಯ ಭಾಷೆ ಓದಲೂ ಬಾರದು, ಮಾತನಾಡಲೂ ಬಾರದು. ಬಂದ ಕಾಗದವೆಲ್ಲ ನಾನೇ ಓದುವುದು. ತಂದೆತಾಯಿಯ ಬಳಿ ಕಾಗದಪತ್ರ ಇಲ್ಲದಿದ್ದರೂ ಮಗುವಿಗೆ ಓದುವ ಹಕ್ಕಿದೆ, ನಾವು ಕೇಳುವುದಿಲ್ಲ, ಯಾರಿಗೂ ತಿಳಿಸುವುದಿಲ್ಲ ಎಂದು ಬರೆದಿದ್ದರು. ಹೆದರಿ ಬೇರೆಯವರ ಹೆಸರು ಕೊಟ್ಟಿದ್ದರೆ ಆಫೀಸಿಗೆ ಬಂದು ತಿದ್ದಿಸಿ, ಶಿಕ್ಷೆ ಇಲ್ಲ ಎಂದೂ ಇತ್ತು. ಓದಿ ನಾನು ಕುಣಿಯಬೇಕಿತ್ತು. ಕುಣಿಯದೆ, ಅದನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದುಕೊಂಡೆ.

ಕಾಗದದಲ್ಲೇನಿದೆ ಎಂದು ತಂಗಿ ಕೇಳಿದಳು. ತರಗತಿಯಲ್ಲಿ ಹೇನು ಹರಡಿದೆಯಂತೆ, ಮಕ್ಕಳ ತಲೆ ನೋಡಬೇಕಂತೆ ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದು. ಇನ್ನೊಂದು ಸುಳ್ಳು ಬಂದಿದ್ದರೆ ಅದನ್ನೇ ಹೇಳುತ್ತಿದ್ದೆ.

ಆ ಭಾನುವಾರ ತಂಗಿ ಕಿಟಕಿಯ ಬೆಳಕಿಗೆ ಬಿಳಿ ಬಟ್ಟೆ ಹಾಸಿ, ಮಗುವನ್ನು ಕೂರಿಸಿಕೊಂಡು ಸಣ್ಣ ಹಲ್ಲಿನ ಬಾಚಣಿಗೆ ಎಳೆದಳು. ಏನೂ ಬೀಳಲಿಲ್ಲ. ಬೀಳದಿದ್ದದ್ದಕ್ಕೆ ಅವಳಿಗೆ ಇನ್ನೂ ಗಾಬರಿ, ಒಳಗೇ ಅಡಗಿವೆ ಎಂದು. ಮುಂದಿನ ಭಾನುವಾರವೂ ಎಳೆದಳು. ಮಗುವಿನ ಕತ್ತು ಕೆಂಪಾಗಿ ಗೀರಿಹೋಯಿತು. ಮೂರನೆಯ ಭಾನುವಾರ, ಸೊಂಟದ ತನಕ ಇದ್ದ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದಳು. ಹೆತ್ತವಳಾಗಿ ಮಗುವಿನ ತಲೆ ಚೊಕ್ಕವಾಗಿ ಇಡಲಾಗಲಿಲ್ಲ ನೋಡು ಎಂದು ನನ್ನೆದುರು ನಾಚಿಕೊಂಡಳು. ಹೋಗಲಿ ಬಿಡು ಎಂದು ಸಮಾಧಾನ ಹೇಳಿದೆ. ಬಿದ್ದ ಕೂದಲು ಗುಡಿಸಿದವಳೂ ನಾನೇ.

ಎರಡು ವರ್ಷ ಹೀಗೇ ನಡೆಯಿತು. ಹೋದ ವಾರ ಲಾಂಡ್ರಿಗೆ ಹೊಸದಾಗಿ ಒಬ್ಬಳು ಇಸ್ತ್ರಿಯವಳು ಬಂದಳು, ನಮ್ಮ ಭಾಷೆಯವಳೇ. ಅವಳಿಗೂ ಕಾಗದವಿಲ್ಲ. ಊಟದ ಹೊತ್ತಿನಲ್ಲಿ, ತನ್ನ ಮಗನನ್ನು ಅದೇ ಶಾಲೆಗೆ ತನ್ನದೇ ಹೆಸರಿನಲ್ಲಿ ಸೇರಿಸಿ ಬಂದದ್ದನ್ನು ಹೇಳಿಕೊಂಡಳು. ಶಾಲೆಯವರು ಏನೂ ಕೇಳಲಿಲ್ಲವಂತೆ. ಎರಡು ವರ್ಷದ ಹಿಂದೆಯೇ ಮನೆಮನೆಗೆ ಕಾಗದ ಕಳಿಸಿದ್ದೆವು ಎಂದು ಅದನ್ನೂ ತೋರಿಸಿದರಂತೆ. ತಂಗಿ ಊಟ ನಿಲ್ಲಿಸಿದಳು. ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ ಎಂದು ನಾನು ಅಗಿಯುತ್ತಲೇ ಇದ್ದೆ.

ದೊಡ್ಡ ಹಾಸುಬಟ್ಟೆ ಮಡಿಸಲು ಇಬ್ಬರು ಬೇಕು. ಎರಡೆರಡು ಮೂಲೆ ಹಿಡಿದು ಜಗ್ಗಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ದಿನಕ್ಕೆ ನೂರಾರು ಸಲ ನಾವು ಹೀಗೆ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಬರುತ್ತೇವೆ. ಅಂದು ಮಧ್ಯಾಹ್ನ ಹತ್ತಿರ ಬಂದ ತಂಗಿ ತನ್ನ ಮೂಲೆಗಳನ್ನು ನನ್ನ ಕೈಗೆ ಬಿಡಲಿಲ್ಲ.

"ಅಕ್ಕ, ಅವತ್ತು ಬಂದ ಕಾಗದ ಹೇನಿಂದೇ ಆಗಿತ್ತಾ?"

ಮುಂದಿನದು ತೆಗೆದುಕೋ ಎಂದೆ. ಅವಳು ತೆಗೆದುಕೊಂಡಳು. ಸಂಜೆಯ ತನಕ ಮಡಿಸಿದೆವು, ಪ್ರತಿ ಸಲವೂ ಅವಳು ಹತ್ತಿರ ಬಂದಾಗ ನಾನು ಬಟ್ಟೆಯನ್ನೇ ನೋಡಿದೆ. ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ ಎಂದು ಅಂದು ತಿಳಿಯಿತು.

ಮನೆಯಲ್ಲೂ ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ತಿರುಗಿಸಿ, ಜಗಳವಾಡಿ, ಹಗುರಾಗುತ್ತಿದ್ದೆ. ನಾಳೆ ಶಾಲೆಯ ಆಫೀಸಿಗೆ ಜೊತೆಗೆ ಬಾ, ನನಗೆ ಮಾತು ಬರುವುದಿಲ್ಲ ಎಂದಳು, ಅಷ್ಟೇ. ಆಗಲಾದರೂ ಹೂಂ ಎನ್ನಬಾರದಿತ್ತೇ ನಾನು? ನೀನಾಗಿ ಹೋಗಿ ಹೆಸರು ಬರೆಸಿದ ಮೇಲೆ ಪೊಲೀಸರು ಬಂದು ಹಿಡಿದುಕೊಂಡು ಹೋದರೆ ಮಗುವಿನ ಗತಿಯೇನು ಎಂದು ಹೆದರಿಸಿದೆ. ಹೆದರಿಕೆ ಇಲ್ಲದಿಲ್ಲ ಅವಳಿಗೆ, ಪೊಲೀಸರನ್ನು ಕಂಡರೆ ರಸ್ತೆ ದಾಟುವವಳು.

"ಹಿಡ್ಕೊಂಡು ಹೋಗ್ಲಿ," ಎಂದಳು. "ಚೂಟಿ ಅಮ್ಮನ್ನ ಹಿಡ್ಕೊಂಡು ಹೋದ್ರು ಅಂತಾನಾದ್ರೂ ಜನ ಹೇಳ್ಲಿ."

ಮರುದಿನ ಹೋದೆವು. ಆಫೀಸಿನ ಗುಮಾಸ್ತೆ ನನ್ನನ್ನು ಮೂರು ವರ್ಷದಿಂದ ಚೂಟಿಯ ತಾಯಿ ಎಂದೇ ಬಲ್ಲವಳು. ನಕ್ಕು ಕುರ್ಚಿ ತೋರಿಸಿದಳು. ನಾನು ಕೂರದೆ ನಿಂತೇ, ತಾಯಿ ನಾನಲ್ಲ, ಇವಳು ಎಂದು ಇಲ್ಲಿಯ ಭಾಷೆಯಲ್ಲಿ ಹೇಳಿದೆ. ಗುಮಾಸ್ತೆ ಗದರಲಿಲ್ಲ. ಹೊಸ ಅರ್ಜಿ ತೆಗೆದಳು, ಮಗುವನ್ನು ತರಗತಿಯಿಂದ ಕರೆಸಿದಳು. ಚೂಟಿ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿ, ಯಾರನ್ನೂ ಕರೆಯದೆ ನೆಲ ನೋಡಿದಳು. ಇನ್ನು ಎಲ್ಲ ಕಡೆಯೂ ನಾನೇ ಅಮ್ಮ ಎಂದು ತಂಗಿ ಮೆಲ್ಲಗೆ ಹೇಳಿದಳು. ಮಗು ನನ್ನ ಕಡೆ ನೋಡಿತು, ಅಪ್ಪಣೆ ಕೇಳುವ ಹಾಗೆ. ಅಪ್ಪಣೆ ಕೊಡಲು ನಾನು ಯಾರು? ಆದರೂ ತಲೆಯಾಡಿಸಿದೆ. ಆಮೇಲೆ ಮಗು ಹೋಗಿ ತಾಯಿಯ ಪಕ್ಕದಲ್ಲಿ ನಿಂತಿತು.

ಅರ್ಜಿಯಲ್ಲಿ ಒಂದು ಕಡೆ ಕಾರಣ ಬರೆಯಬೇಕಿತ್ತು. ಕಾಗದ ಕಳಿಸಿ ಎರಡು ವರ್ಷವಾಯಿತು, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳು ಎಂದಳು ಗುಮಾಸ್ತೆ. ನಾನು ತಂಗಿಯ ಕಡೆ ತಿರುಗಿ, ನನ್ನ ಬಾಯಿಂದಲೇ, ನಮ್ಮ ಭಾಷೆಯಲ್ಲಿ ಅದನ್ನು ಕೇಳಿದೆ. ಅವಳು ಮೇಜಿನ ಮೇಲಿದ್ದ ಪೆನ್ನನ್ನು ಗುಮಾಸ್ತೆಯ ಕಡೆ ಸರಿಸಿದಳು.

"ನಂಗೆ ಓದೋಕೆ ಬರಲ್ಲ, ಹಾಗಾಗಿ ಗೊತ್ತಾಗ್ಲಿಲ್ಲ ಅಂತ ಹೇಳು."

ನಾನು ಹಾಗೆಯೇ ಹೇಳಿದೆ. ಗುಮಾಸ್ತೆ ಬರೆದುಕೊಂಡಳು. ಎರಡೂ ಭಾಷೆ ಬಲ್ಲ ಚೂಟಿ ನನ್ನನ್ನೇ ನೋಡುತ್ತಿದ್ದಳು. ನಾನು ತಿದ್ದಲಿಲ್ಲ. ಬರೆದು ಮುಗಿಸಿ ಗುಮಾಸ್ತೆ ನನ್ನ ಕೈ ಮುಟ್ಟಿ ಅಕ್ಕರೆಯಿಂದ ಏನೋ ಅಂದಳು. ಅದನ್ನು ನಾನು ತಂಗಿಗೆ ಹೇಳಲಿಲ್ಲ. ಮಗು ಹೇಳಿತು.

"ಅಮ್ಮಾ, ಇಂಥ ಅಕ್ಕ ಇರೋದು ನಿನ್ನ ಪುಣ್ಯ ಅಂತಿದಾರೆ."

ತಂಗಿ ನನ್ನನ್ನು ನೋಡಲಿಲ್ಲ.

"ಹೌದು ಅಂತಾಳೆ ಅಂತ ಹೇಳು ಅಕ್ಕ," ಎಂದಳು.

ಗುಮಾಸ್ತೆ ಉತ್ತರಕ್ಕೆ ಕಾಯುತ್ತಿದ್ದಳು. ನಾನು ಅವಳಿಗೆ, ಹೌದು ಅನ್ನುತ್ತಿದ್ದಾಳೆ ಎಂದು ಹೇಳಿದೆ.