ತುಂಬುತೋಳಿನ ಅಂಗಿ

"ಅಂಗಿ ಬಿಚ್ಚಬೇಡ್ರಪ್ಪ, ಹಂಗೇ ನೀರು ಹುಯ್ಯಿರಿ," ಎನ್ನುತ್ತ ಆವಲಪ್ಪ ತಮ್ಮನ ಎದೆಯ ಮೇಲೆ ಎರಡನೆಯ ಚೊಂಬು ಸುರಿದ. ನೀರು ಬಟ್ಟೆಯ ಮೇಲಿಂದಲೇ ಜಾರಿ ಹಲಗೆಯ ಕೆಳಗೆ ಹರಿಯಿತು.

ಗೋಡೆಗೊರಗಿ ಕೂತಿದ್ದ ಶ್ಯಾಮಲಮ್ಮ ತಲೆ ಎತ್ತಿದಳು. ಹಲಗೆಯ ಮೇಲಿದ್ದವನು ಅವಳ ಗಂಡ ಮುನಿಗಂಗಪ್ಪ. ನಲವತ್ತೊಂದು ವರ್ಷ. ನಿನ್ನೆ ಮಧ್ಯಾಹ್ನ ಸತ್ತಾರ್ ಸಾಹೇಬರ ರೇಷ್ಮೆ ಕಾರ್ಖಾನೆಯಲ್ಲಿ ತಲೆ ಹಿಡಿದುಕೊಂಡು ಕುಸಿದವನು ದೀಪ ಹಚ್ಚುವ ಹೊತ್ತಿಗೆ ಹೋಗಿಬಿಟ್ಟಿದ್ದ.

"ಅಂಗಿ ಹಾಕ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರಾ ಭಾವ?"

"ಸುಮ್ನಿರಮ್ಮ. ಚಿಂತಾಮಣಿಯವರು ಒಂಬತ್ತು ಗಂಟೆ ಬಸ್ಸಿಗೆ ಬರ್ತಾರೆ. ಮೈಮೇಲಿನ ಈ ಗಂಟು ನೋಡಿದ್ರೆ ನಿನ್ ಮಗಳನ್ನ ಮನೆ ತುಂಬಿಸ್ಕೊಳ್ತಾರಾ? ಮಾತಾಗಿದೆ ಅಷ್ಟೆ, ಇನ್ನೂ ತಾಂಬೂಲ ಆಗಿಲ್ಲ."

ಪಕ್ಕದ ಮನೆಯ ಗಂಗುಲಮ್ಮ ಮೂಗು ಒರೆಸಿಕೊಂಡಳು. "ಬದುಕಿದ್ದಾಗ್ಲೂ ಆ ಅಂಗಿ ಬಿಚ್ಚಿದ್ದನ್ನ ನಾನು ಕಾಣೆ. ನಮ್ಮನೇ ಗಂಡಸು ಬನೀನು ಹಾಕ್ಕೊ ಅಂದ್ರೂ ಹಾಕ್ಕಳಲ್ಲ."

ಯಾರೋ ನಗು ನುಂಗಿದರು. ಶ್ಯಾಮಲಮ್ಮನಿಗೆ ಎಲ್ಲರ ಮೇಲೂ ರೇಗಿತು. ಎಲ್ಲರಿಗಿಂತ ಹೆಚ್ಚಾಗಿ ಹಲಗೆಯ ಮೇಲೆ ಗುಂಡಿ ಹಾಕಿಕೊಂಡು ಮಲಗಿದ್ದವನ ಮೇಲೆ.

*

ಕಾರ್ಖಾನೆಯಲ್ಲಿ ಎಲ್ಲರ ತೋಳೂ ಬರಿದು. ಗೂಡು ಬೇಯುವ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕುವ ಕೆಲಸ ಅದು. ಮುನಿಗಂಗಪ್ಪ ಒಬ್ಬನೇ ಮಣಿಕಟ್ಟಿನ ಗುಂಡಿ ಹಾಕಿಕೊಂಡು ಕೂರುತ್ತಿದ್ದ. ಸಂಜೆ ಮನೆಗೆ ಬರುವಾಗ ಅಂಗಿಯ ತೋಳು ಮೊಣಕೈವರೆಗೆ ಒದ್ದೆ, ಬೆಂದ ಹುಳುವಿನ ವಾಸನೆ. ಅಂಗಿಯ ಮೈ ಗಟ್ಟಿಯಿದ್ದಾಗಲೇ ತೋಳು ಪಿಸಿದುಹೋಗುತ್ತಿತ್ತು. ಶ್ಯಾಮಲಮ್ಮ ಹೊಸ ತೋಳು ಕತ್ತರಿಸಿ ಹಚ್ಚಿಕೊಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಎಷ್ಟು ತೋಳು ಹಚ್ಚಿದ್ದಳೋ.

ಅಂಗಿಯ ಒಳಗೆ ಮೈಮೇಲೆ ಮೆತ್ತನೆಯ ಗಂಟುಗಳು, ಕಡಲೆಯಷ್ಟು, ನೆಲ್ಲಿಕಾಯಿಯಷ್ಟು. ಅವನ ತಾಯಿಗೂ ಇದ್ದವಂತೆ. ಅಂಟುರೋಗ ಎಂದು ಊರು ಆಡಿಕೊಂಡೀತೆಂದು ಮನೆಯವರು ಚಿಕ್ಕಂದಿನಿಂದ ತೋಳು ಮುಚ್ಚಿಸಿ ಬೆಳೆಸಿದ್ದರು.

ತಲೆನೋವೆಂದು ಹೋದಾಗಲೆಲ್ಲ ಊರಿನ ಡಾಕ್ಟರು ತೋಳು ಮಡಿಸಿ ಎನ್ನುತ್ತಿದ್ದರು. "ಬೇಡ ಸ್ವಾಮಿ, ಮಾತ್ರೆ ಕೊಡಿ ಸಾಕು," ಎನ್ನುತ್ತಿದ್ದ ಇವನು. ಹನ್ನೊಂದು ವರ್ಷ ಅವರು ಮಾತ್ರೆ ಕೊಟ್ಟರು.

*

ಎರಡು ವರ್ಷದ ಹಿಂದೆ ಕಣ್ಣು ಮಂಜಾಗಿ ಎಳೆ ಕಾಣದಾದಾಗ ಸತ್ತಾರ್ ಸಾಹೇಬರೇ ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಶ್ಯಾಮಲಮ್ಮನೂ ಹೋಗಿದ್ದಳು. ಅಲ್ಲಿನ ಡಾಕ್ಟರು ಕೇಳಲಿಲ್ಲ. ಅಂಗಿ ತೆಗೆಸಿದರು, ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಪೆಟ್ಟಿಗೆಯ ಪಾದರಸ ನೋಡಿ ಮತ್ತೊಮ್ಮೆ ಒತ್ತಿದರು. ಆಮೇಲೆ ನಾಲ್ಕು ದಿನ ಇರಿಸಿಕೊಂಡು ಎಕ್ಸ್‌ರೇ ತೆಗೆದರು.

"ಮೂತ್ರಪಿಂಡಕ್ಕೆ ಹೋಗೋ ರಕ್ತನಾಳ ಕಿರಿದಾಗಿದೆ. ರಕ್ತದ ಒತ್ತಡ ಏರಿರೋದು ಅದರಿಂದ. ಈ ಗಂಟಿನ ಕಾಯಿಲೆ ಇರೋರಲ್ಲಿ ಕೆಲವರಿಗೆ ರಕ್ತನಾಳವೂ ಕೆಡುತ್ತೆ. ಚಿಕ್ಕ ವಯಸ್ಸಲ್ಲಿ ಗೊತ್ತಾಗಿದ್ರೆ ಆಪರೇಷನ್ ಮಾಡಬಹುದಿತ್ತು. ಈಗ ಆ ಮೂತ್ರಪಿಂಡ, ಹೃದಯ ಎರಡೂ ಸೋತಿವೆ, ಮಾತ್ರೆ ಬಿಡಬೇಡಿ. ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಮೈಮೇಲೆ ಕಾಫಿ ಬಣ್ಣದ ಮಚ್ಚೆ ಇದೆಯಾ?"

ಮುನಿಗಂಗಪ್ಪ ಹೆಂಡತಿಯ ಮುಖ ನೋಡಿದ. ಅವಳು ನೆಲ ನೋಡಿದಳು.

"ಕರ್ಕೊಂಡು ಬನ್ನಿ. ತಡ ಮಾಡಬೇಡಿ."

ಹಿಂದಿರುಗುವ ಬಸ್ಸಿನಲ್ಲಿ ಅವನು ಒಂದೇ ಮಾತು ಹೇಳಿದ: "ಮದುವೆ ಆಗ್ಲಿ, ಆಮೇಲೆ ನೋಡಣ." ಅವಳೂ ಹೂಂ ಎಂದಿದ್ದಳು. ಮರುವಾರ ಮಗಳಿಗೆ ಮಣಿಕಟ್ಟಿನವರೆಗೆ ತೋಳಿರುವ ನಾಲ್ಕು ರವಿಕೆ ಹೊಲಿದಿದ್ದಳು.

*

ಚಿಂತಾಮಣಿಯ ಅಶ್ವತ್ಥಮ್ಮ ಬಂದರು. ಹುಡುಗನ ತಾಯಿ. ಹಲಗೆಯಿಂದ ಎರಡು ಮಾರು ದೂರ ನಿಂತು ಸೆರಗು ಬಾಯಿಗಿಟ್ಟುಕೊಂಡರು. ಬಾಗಿಲಲ್ಲಿ ಸತ್ತಾರ್ ಸಾಹೇಬರ ಜೊತೆ ಊರಿನ ಡಾಕ್ಟರೂ ನಿಂತಿದ್ದರು. ರೋಗಿಗಳನ್ನು ನೋಡಲು ಹೊರಟವರು ದಾರಿಯಲ್ಲಿ ಬಂದಿದ್ದರು, ಕೈಯಲ್ಲಿ ರಕ್ತದೊತ್ತಡ ನೋಡುವ ಪೆಟ್ಟಿಗೆಯಿತ್ತು.

"ಬೇಗ ಬೇಗ ಧೋತ್ರ ಹೊದಿಸ್ರಪ್ಪ," ಎಂದ ಆವಲಪ್ಪ.

ಮಗಳು ವೆಂಕಟರತ್ನ ಬಿಂದಿಗೆ ತಂದಿಟ್ಟು ಕಂಬ ಹಿಡಿದುಕೊಂಡಳು. ಇನ್ನೊಂದು ಕೈಯಲ್ಲಿ ಹುಬ್ಬಿನ ಮೇಲೆ ಒತ್ತಿಕೊಂಡಳು.

"ತಲೆ ನೋಯ್ತಿದೆಯೇನೆ?"

"ಇಲ್ಲಮ್ಮ."

"ನನ್ ಮುಖ ನೋಡಿ ಹೇಳು."

"ಸ್ವಲ್ಪ. ದಿನಾ ಇರೋದೇ, ಬಿಡು."

ದಿನಾ ಇರೋದೇ, ಬಿಡು. ಹನ್ನೊಂದು ವರ್ಷ ಶ್ಯಾಮಲಮ್ಮ ಕೇಳಿದ್ದ ಮಾತು ಅದು. ಅವಳು ಎದ್ದು ಒಳಗೆ ಹೋದಳು. ಹೊಲಿಗೆಯ ಕತ್ತರಿ ಹಿಡಿದು ಬಂದಳು.

"ಏನಮ್ಮಾ ಇದು? ಬುದ್ಧಿ ಇದೆಯಾ?" ಆವಲಪ್ಪ ಅಡ್ಡ ಬಂದ.

"ಜರುಗಿ ಭಾವ. ಹಚ್ಚಿದ್ದು ನಾನು, ಬಿಚ್ಚೋದು ನಾನೇ."

ಭುಜದ ಹೊಲಿಗೆ ಅವಳ ಕೈಗೆ ಗೊತ್ತಿತ್ತು. ಅದರ ಗುಂಟ ಕತ್ತರಿ ಆಡಿಸಿದಳು. ಎಳೆದಾಗ ಸಡಿಲಾದ ತೋಳು ತಣ್ಣಗೆ ಕೊರೆಯುವ ಬೆರಳುಗಳ ಮೇಲಿಂದ ಇಡಿಯಾಗಿ ಜಾರಿ ಬಂತು. ಮತ್ತೊಂದು ತೋಳು. ಆಮೇಲೆ ಎದೆ. ಗಂಗುಲಮ್ಮ ಹಿಂದೆ ಸರಿದಳು. ಶ್ಯಾಮಲಮ್ಮ ಚೊಂಬು ಎತ್ತಿ ಬರಿಯ ಮೈಮೇಲೆ ನೀರು ಹುಯ್ದು, ಒಂದೊಂದು ಗಂಟಿನ ಸುತ್ತಲೂ ಕೈಯಿಂದ ತೊಳೆದಳು.

"ಅಂಟುತ್ತಾ ಇದು?" ಅಶ್ವತ್ಥಮ್ಮ ಕೇಳಿದರು.

"ಇಲ್ಲಮ್ಮ, ಅಂಟಲ್ಲ," ಎಂದರು ಡಾಕ್ಟರು. "ಮುಟ್ಟಿದ್ರೆ ಬರಲ್ಲ. ರಕ್ತದಲ್ಲಿ, ಮನೆತನದಲ್ಲಿ ಬರುತ್ತೆ."

ಮನೆತನ ಎಂದ ಕೂಡಲೆ ಎಲ್ಲರೂ ಕಂಬದ ಕಡೆ ನೋಡಿದರು.

"ಡಾಕ್ಟ್ರೇ, ಆ ಪೆಟ್ಟಿಗೆ ತೆಗೀರಿ. ಇವಳದ್ದು ನೋಡಿ," ಎಂದಳು ಶ್ಯಾಮಲಮ್ಮ.

"ಇಲ್ಲೇನಾ? ನಾಳೆ ಆಸ್ಪತ್ರೆಗೆ..."

"ನಾಳೆ ಅಂತಂತಾನೇ ಇವರು ಹೋಗಿದ್ದು."

ಸತ್ತಾರ್ ಸಾಹೇಬರು ಜಗಲಿಯ ಮೇಲಿನ ಕಡ್ಡಿ ಕರ್ಪೂರ ಸರಿಸಿ ಪೆಟ್ಟಿಗೆಗೆ ಜಾಗ ಮಾಡಿದರು. "ನಾಡಿದ್ದು ಮೊದಲ್ನೇ ಬಸ್ಸಿಗೆ ಬೆಂಗಳೂರಿಗೆ ಹೋಗಣಮ್ಮ. ನಾನೂ ಬರ್ತೀನಿ," ಎಂದರು.

"ಹನ್ನೊಂದೂವರೆಗೆ ನಮ್ಮೂರ ಕಡೆ ಬಸ್ಸಿದೆಯಲ್ಲಾ?" ಅಶ್ವತ್ಥಮ್ಮ ಯಾರನ್ನೋ ಕೇಳುತ್ತಿದ್ದರು. ಆವಲಪ್ಪ ಅವರ ಹಿಂದೆಯೇ ಬಾಗಿಲ ತನಕ ಹೋದ.

ವೆಂಕಟರತ್ನ ತಾಯಿಯನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ತಾನೇ ಮಣಿಕಟ್ಟಿನ ಗುಂಡಿ ತೆಗೆದು, ರವಿಕೆಯ ತೋಳನ್ನು ಮಡಿಸುತ್ತ ಮಡಿಸುತ್ತ ಭುಜದವರೆಗೆ ಏರಿಸಿದಳು. ಬಿಸಿಲು ಕಾಣದ ಬಿಳಿಚಿದ ತೋಳಿನ ಮೇಲೆ ಕಾಫಿ ಬಣ್ಣದ ಮಚ್ಚೆಗಳಿದ್ದವು. ಡಾಕ್ಟರು ಪಟ್ಟಿ ಸುತ್ತಿದರು.

ಹಲಗೆಯ ಕಾಲಿನ ಬಳಿ ಕತ್ತರಿಸಿದ ತೋಳು ನೀರು ಸೋರುತ್ತ ಬಿದ್ದಿತ್ತು. ಅದರ ಗುಂಡಿ ಹಾಕಿದಂತೆಯೇ ಇತ್ತು.