ಮಂಜಯ್ಯ ಶೆಟ್ಟರ ಮನೆಯ ಕೊಕ್ಕೆ

ಬೆಳಿಗ್ಗೆ ಆರೂವರೆಗೆ ಕಡಲ ನೀರು ಹೊಳೆಯಲ್ಲಿ ಏರಿ ಮೀನುಗಾರರ ಕೇರಿಗೆ ನುಗ್ಗಿತು. ನವೆಂಬರಿನಲ್ಲಿ ಹೀಗಾದದ್ದು ಯಾರಿಗೂ ನೆನಪಿರಲಿಲ್ಲ. ಗದ್ದೆಗಳಿಗೆ ಉಪ್ಪುನೀರು ಹೋಗದಂತೆ ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ ಎತ್ತಿದರೆ ನೀರು ಗದ್ದೆಗಳಿಗೆ ಹರಡಿ ಮನೆಗಳು ಉಳಿಯುತ್ತಿದ್ದವು. ಆದರೆ ಹಲಗೆ ಎತ್ತುವ ಕೊಕ್ಕೆ ಹಿಂದಿನಿಂದಲೂ ಗದ್ದೆಯ ಒಡೆಯರಾದ ಮಂಜಯ್ಯ ಶೆಟ್ಟರ ಮನೆಯಲ್ಲೇ ಇರುತ್ತಿತ್ತು. ಪುರಸಭೆಯ ಬಳಿ ಬೇರೊಂದು ಇರಲಿಲ್ಲ. ವಾರ್ಡಿನ ಸದಸ್ಯೆ ಕುಸುಮಾವತಿ ಮೊಣಕಾಲುದ್ದ ನೀರು ದಾಟಿ ಅವರ ಅಂಗಳಕ್ಕೆ ಬಂದಳು.

"ಕೊಕ್ಕಿ ಕೊಡಿ, ಶೆಟ್ರೇ."

"ನಿನ್ನೆ ಬಿತ್ತಿದ್ ಗದ್ದಿ ಅದ್. ಉಪ್ಪ್ ಹೊಕ್ರೆ ನಿಮ್ ಪುರಸಭೆ ಅಕ್ಕಿ ಕೊಡತ್ತಾ?"

"ಗದ್ದಿ ತೊಳುಕೆ ಮಳಿ ಬತ್ತ್. ಕೇರಿ ಸೀತಜ್ಜಿಗ್ ಏಳುಕಾತಿಲ್ಲ, ನೀರ್ ಮಂಚದ್ ಕೆಳ್ಗ್ ಬಂತ್."

ಶೆಟ್ಟರು ಸೂರಿನಡಿಯಿಂದ ಕೊಕ್ಕೆ ಇಳಿಸಿದರು. ಅವಳ ಕೈಗೆ ಕೊಡಲಿಲ್ಲ; ತಾವೇ ಹೊತ್ತು ನಡೆದು ಮೊದಲ ಹಲಗೆ ಎತ್ತಿದರು.

ಆ ವರ್ಷ ಉಪ್ಪು ಹೊಕ್ಕ ಆ ಗದ್ದೆಬೈಲಿನಲ್ಲಿ ಸುಗ್ಗಿ ಬೆಳೆ ಬರಲಿಲ್ಲ.