ಅಂಕಿತಾ ಹೇಳಿದ ಏಳರ ಮಗ್ಗಿ

ರಿಪೇರಿಯವನಿಗೆ ಯಾರೂ ನಿಜ ಹೇಳುವುದಿಲ್ಲ. ನಾವೇನೂ ಮಾಡಿಲ್ಲ, ತಾನೇ ಆಫ್ ಆಯ್ತು ಎನ್ನುತ್ತಾರೆ. ದಾವಣಗೆರೆಯ ವಿನೋಬನಗರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮೂರು ವರ್ಷದಲ್ಲಿ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ತೊಂಬತ್ತೆಂಟರ ಏಪ್ರಿಲ್‌ನಲ್ಲಿ ಹರಿಹರದ ನಾಗಭೂಷಣ್ ಮೇಷ್ಟ್ರು ಫೋನ್ ಮಾಡಿ, ಕಂಪ್ಯೂಟರ್ ಕಾದು ಸುಟ್ಟ ವಾಸನೆ ಬಂದು ನಿಂತುಹೋಗಿದೆ, ಶುರುವಾಗುತ್ತಿಲ್ಲ ಎಂದಾಗಲೂ ಮನಸ್ಸಿನಲ್ಲೇ ಬೈದುಕೊಂಡು ಬಸ್ಸು ಹತ್ತಿದೆ.

ಮೇಷ್ಟ್ರು ಅಲ್ಲಿನ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಹಿಂದಿನ ವರ್ಷ ಅವರಿಗೆ ಆ ಕಂಪ್ಯೂಟರ್ ಜೋಡಿಸಿಕೊಟ್ಟವನು ನಾನೇ. ಅವತ್ತು ಅವರ ದೊಡ್ಡ ಮಗಳು ಅಂಕಿತಾ, ಎಂಟು ವರ್ಷದವಳು, ನನ್ನ ಸ್ಕ್ರೂಡ್ರೈವರ್ ಎತ್ತಿಕೊಂಡು ಓಡಿ ಜೀವ ತಿಂದಿದ್ದಳು. ಡಿಸೆಂಬರಿನಲ್ಲಿ ಮೆದುಳು ಜ್ವರ ಬಂದು ಐದೇ ದಿನಕ್ಕೆ ತೀರಿಕೊಂಡಳೆಂದು ಕೇಳಿದ್ದೆ. ಹೋಗಿ ಮಾತಾಡಿಸಿ ಬರುವ ಧೈರ್ಯವಾಗಿರಲಿಲ್ಲ.

ಕೋಣೆಯೊಳಗೆ ಹೋದವನು ದಂಗಾದೆ. ಕಂಪ್ಯೂಟರಿನ ಡಬ್ಬಕ್ಕೆ ಹುಡುಗಿಯ ಹಸಿರು ರೇಷ್ಮೆ ಲಂಗ ಸುತ್ತಿತ್ತು. ಮುಂದೆ ಮೂರು ಬೆರಳಿನ ವಿಭೂತಿ, ಮೇಲೆ ಬಿಲ್ವಪತ್ರೆ, ಪಕ್ಕದಲ್ಲಿ ಲೋಬಾನದ ಬಟ್ಟಲು. ಸಮಾಧಿಯ ಗದ್ದುಗೆಗೆ ಮಾಡುವ ಪೂಜೆ ಅದಕ್ಕೆ ನಡೆದಿತ್ತು.

"ಮಣ್ಣು ಮಾಡಿದ್ದು ಹೊಲದಾಗೆ. ಆದ್ರೆ ಅವಳು ಇರೋದು ಇದ್ರಾಗೆ ಅಣ್ಣಾರ," ಎಂದರು ಮೇಷ್ಟ್ರ ಹೆಂಡತಿ ಪದ್ಮಶ್ರೀ.

ನಾನೇ ಪುಕ್ಕಟೆ ಕೊಟ್ಟ ಮೈಕಿನಲ್ಲಿ ಅಂಕಿತಾ ಒಂದು ನಿಮಿಷ ಏಳರ ಮಗ್ಗಿ ಹೇಳಿ ಕಂಪ್ಯೂಟರಿನಲ್ಲಿ ಉಳಿಸಿದ್ದಳಂತೆ. ಅವಳ ದನಿ ಅದೊಂದೇ. ಬೇರೆ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಕರೆಂಟ್ ಇದ್ದಷ್ಟು ಹೊತ್ತೂ ತಾಯಿ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು.

ಲಂಗ ಬಿಚ್ಚಿ ಡಬ್ಬ ತೆಗೆದೆ. ಫ್ಯಾನು ಎಳೆದುಕೊಂಡ ವಿಭೂತಿ ಲೋಬಾನದ ಹೊಗೆಯ ಜಿಡ್ಡಿಗೆ ಅಂಟಿ ಗಾರೆಯಂತೆ ಗಟ್ಟಿಯಾಗಿತ್ತು. ಫ್ಯಾನು ತಿರುಗದೆ ಪ್ರೊಸೆಸರ್ ಸುಟ್ಟಿತ್ತು. ಬಟ್ಟೆ ಸುತ್ತಿದರೆ ಗಾಳಿ ಎಲ್ಲಿಂದ ಆಡಬೇಕು ಎಂಬ ಬೈಗುಳ ಗಂಟಲಿಗೆ ಬಂತು. ಆ ತಾಯಿಯ ಮುಖ ನೋಡಿ ನುಂಗಿಕೊಂಡೆ. ಅಂಗಡಿಗೆ ಒಯ್ದು ನೋಡುತ್ತೇನೆ ಎಂದೆ.

ಡಬ್ಬವನ್ನು ಬಸ್ಸಿಗೇರಿಸಲು ಮೇಷ್ಟ್ರೂ ಬಂದರು. ಬಸ್ ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದುಕೊಂಡರು. ಚಿಕ್ಕ ಮಗಳು ಕೃತಿಕಾಳಿಗೆ ಇನ್ನೂ ಒಂದೂವರೆ ವರ್ಷ. ಮೊನ್ನೆ ಆ ಕೂಸು ಜ್ವರದಲ್ಲಿ ಅಳುತ್ತಿದ್ದರೆ, ಮಗ್ಗಿ ಕೇಳಿಸುವುದಿಲ್ಲವೆಂದು ತಾಯಿ ಸ್ಪೀಕರಿನ ಸದ್ದು ಏರಿಸಿದರಂತೆ.

"ಡಿಸ್ಕು ಹೋಯ್ತು ಅಂತ ಹೇಳಿಬಿಡ್ರಿ, ಕೊಟ್ರೇಶ್," ಎಂದರು. "ಇರೋ ಒಂದು ಕೂಸನ್ನಾದ್ರೂ ಉಳಿಸ್ಕೋಬೇಕು ನಾನು."

ಅಂಗಡಿಯಲ್ಲಿ ಒಳಗನ್ನೆಲ್ಲ ಬ್ರಷ್‌ನಲ್ಲಿ ಉಜ್ಜಿದೆ. ಹೊಸ ಫ್ಯಾನು, ಇನ್ನೊಂದು ಹಳೆಯ ಡಬ್ಬದಿಂದ ತೆಗೆದ ಪ್ರೊಸೆಸರ್ ಹಾಕಿದೆ. ಮೂರನೇ ಸಲಕ್ಕೆ ಪರದೆ ಬೆಳಗಿತು. ಡಿಸ್ಕಿಗೆ ಕೂದಲೂ ಕೊಂಕಿರಲಿಲ್ಲ. ಫೈಲು ತೆರೆದು ಕೇಳಿದೆ. ಏಳೇಳ್ಲೆ ನಲವತ್ತೊಂಬತ್ತರ ತನಕ ಒಂದೇ ಓಟ. ಆಮೇಲೆ ತಡವರಿಸಿದಳು. "ಅವ್ವಾ, ಹೇಳ್ಬ್ಯಾಡ, ನಾನೇ ಹೇಳ್ತೀನಿ" ಎಂದು ನಕ್ಕಳು. ಅಷ್ಟಕ್ಕೆ ನಿಮಿಷ ಮುಗಿದಿತ್ತು. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಅತ್ತೆ.

ನನಗೆ ಸುಳ್ಳು ಹೇಳಲು ಬರುವುದಿಲ್ಲ, ಮುಖವೇ ಬಿಟ್ಟುಕೊಡುತ್ತದೆ. ಗಿರಾಕಿಗೆ ಸುಳ್ಳು ಹೇಳದ ರಿಪೇರಿಯವನೆಂಬ ಕೊಬ್ಬೂ ಇತ್ತು. ಡಿಸ್ಕಿನಲ್ಲಿ ನಿಜವಾಗಿಯೂ ಏನೂ ಇಲ್ಲದಿದ್ದರೆ ನಾನು ಹೇಳುವುದು ಸುಳ್ಳಾಗುವುದಿಲ್ಲವಲ್ಲ ಎಂದು ಲೆಕ್ಕ ಹಾಕಿದೆ. ಫಾರ್ಮ್ಯಾಟ್ ಕೊಟ್ಟೆ. ಎಲ್ಲವೂ ಅಳಿಸಿಹೋಗುತ್ತದೆ, ಆಗಬಹುದೇ ಎಂದು ಅದು ಕೇಳಿತು. ಆಗಬಹುದು ಎಂದು ಒತ್ತಿದೆ. ಸಂಜೆಯೊಳಗೆ ಅದರ ಮೇಲೆ ಹೊಸದಾಗಿ ವಿಂಡೋಸ್ ಕೂಡ ತುಂಬಿಸಿದೆ.

ಮಾರನೆಯ ದಿನ ಡಬ್ಬವನ್ನು ಹರಿಹರಕ್ಕೆ ಒಯ್ದು ಜೋಡಿಸಿ, ಡಿಸ್ಕಿನಲ್ಲಿ ಏನೂ ಇಲ್ಲ ಎಂದು ತಿಳಿಸಿದೆ. ಪದ್ಮಶ್ರೀ ಅಳಲಿಲ್ಲ. ಪರದೆಯ ಮುಂದೆ ಕೂತರು. ಆಮೇಲೆ ಮೆಲ್ಲಗೆ ಏಳೊಂದ್ಲೆ ಏಳು ಎಂದು ಶುರು ಮಾಡಿದರು. ಮಗಳು ಉಸಿರೆಳೆದಲ್ಲಿ ಉಸಿರೆಳೆದರು, ತಡವರಿಸಿದಲ್ಲಿ ತಡವರಿಸಿದರು, ಕೊನೆಗೆ ಅವಳಂತೆಯೇ ನಕ್ಕರು. ಆ ನಗು ಕೇಳಿ ಕೃತಿಕಾ ಗೋಡೆ ಹಿಡಿದುಕೊಂಡು ಒಳಗೆ ಬಂತು. ತಾಯಿ ಎತ್ತಿಕೊಂಡರು. ಮೇಷ್ಟ್ರು ಎದ್ದು ಹೊರಗೆ ಹೋದರು. ಒಳ್ಳೆಯ ಕೆಲಸ ಮಾಡಿದೆನೆಂದುಕೊಂಡು ಊರಿಗೆ ಮರಳಿದೆ.

ಜೂನ್‌ನಲ್ಲಿ ಒಂದು ಮಧ್ಯಾಹ್ನ ಮೇಷ್ಟ್ರು ಅಂಗಡಿಗೆ ಬಂದರು. ಮನೆ ಸರಿಹೋಗಿದೆ, ಹೆಂಡತಿ ಅದೇ ಮಗ್ಗಿ ಹೇಳಿ ಕೂಸನ್ನು ಮಲಗಿಸುತ್ತಾಳೆ ಎಂದರು. ತಾವು ಮಾತ್ರ ಅದನ್ನು ಮಗಳ ದನಿಯಲ್ಲಿ ಒಂದು ಸಲವೂ ಕೂತು ಕೇಳಿರಲಿಲ್ಲವಂತೆ. ಎದೆ ಒಡೆದೀತೆಂದು, ಅದು ಶುರುವಾದರೆ ಮನೆಯಿಂದಲೇ ಹೊರಗೆ ಹೋಗಿಬಿಡುತ್ತಿದ್ದರಂತೆ.

"ಈಗ ಮಗಳನ್ನ ನೆನೆಸ್ಕೊಂಡ್ರೆ ನಂಗೆ ಪದ್ಮಶ್ರೀ ದನಿನೇ ಕೇಳ್ತೈತೆ. ನೀವು ಎಲ್ಲಾದ್ರೂ ಎತ್ತಿಟ್ಟಿರ್ತೀರಿ ಅಂತ ಬಂದೆ. ಒಂದೇ ಸಲ ಕೇಳಿಸ್ರಿ."

ನಾನು ತಲೆ ತಗ್ಗಿಸಿಕೊಂಡು, ಒಂದು ಸಲ ಕೇಳಿ ಅಳಿಸಿದ್ದನ್ನೂ ಯಾಕೆ ಅಳಿಸಿದೆ ಎಂಬುದನ್ನೂ ಹೇಳಿದೆ. ಅವರು ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಸುಳ್ಳು ಹೇಳ್ರಿ ಅಂದಿದ್ದೆ, ಕೊಟ್ರೇಶ್. ಅಷ್ಟೇ ಅಂದಿದ್ದೆ."

ಸ್ಟೂಲಿನ ಮೇಲೆ ಕೂತರು. "ನೀವು ಕೇಳೀರಲ್ಲ. ಹೆಂಗಿತ್ತು ದನಿ?" ಎಂದರು.

"ಸಣ್ಣ ದನಿ, ಸರ್," ಎಂದೆ. ಇನ್ನೂ ಏನಾದರೂ ಹೇಳುತ್ತೇನೆಂದು ಅವರು ನನ್ನ ಮುಖವನ್ನೇ ನೋಡುತ್ತಾ ಕಾದರು.